ರಾತ್ರಿಗೆ ಬ್ಯಾರೆ ರೊಕ್ಕ

ಹಾವೇರಿ ಡಿಪೋದಾಗ ಕ್ಯಾಶ್ ಕಟ್ಟಿ,
ಟಿಕೀಟಿನ ಮಿಷಿನ್ನು ಚಾರ್ಜಿಗೆ ಇಟ್ಟು,
ರೆಸ್ಟ್ ರೂಮಿನ ಕಬ್ಬಿಣದ ಮಂಚದ ಮ್ಯಾಲ
ಕಾಲು ಚಾಚಿ ನಾನು ಬಸ್ಸು ಓಡಸ್ತೇನಿ.

ನಗಬ್ಯಾಡ್ರಿ.
ಹದಿಮೂರು ವರ್ಷ ಬಸ್ಸಿನಾಗ ನಿಂತಾಕಿ ನಾ.
ಸೀಟಿ ಊದಿ ನಿಲ್ಲಸೂದು ಗೊತ್ತು, ಊದಿ ಬಿಡಸೂದು ಗೊತ್ತು.
ಸ್ಟೇರಿಂಗು ಕೈಯಾಗ ಬಿಸಿ ಇರತೈತೋ ತಣ್ಣಗೋ
ಅದು ಡ್ರೈವರ್ ಫಕ್ಕೀರಪ್ಪಗ ಗೊತ್ತು.
ಅವನ ಮಗಾನ ನನ್ನ ಫೋನಿನಾಗ ಆ ಆಟ ಹಾಕಿ ಕೊಟ್ಟಾಂವ:
"ಚಿಗವ್ವಾ, ಪುಕ್ಕಟ ಐತಿ, ಓಡಸು."

ಪುಕ್ಕಟನ ಇತ್ತು.
ರಾತ್ರಿ ಪುಕ್ಕಟ. ಮಳಿ ಪುಕ್ಕಟ.
ವೈಪರ್ ಹಾಕಿದರ ಕಿರ್ ಅಂತ ಸಪ್ಪಳ.
ಎದುರಿನ ಲಾರಿಗೆ ಲೈಟು ತಗ್ಗಿಸಿದರ
ಅದೂ ತಗ್ಗಸತಿತ್ತು, ಮರ್ಯಾದಿಯಿಂದ.
ಸ್ಟಾಪಿನಾಗ ಮಂದಿ ಕೈ ಮಾಡತಿದ್ರು,
ಅವರೊಳಗ ಹಸರ ಸೀರೀ ಮುದುಕಿ ಒಬ್ಬಾಕಿ.
ನನ್ನ ಮುಂಜಾನೆ ಗಾಡಿಗೆ
ಬಂಕಾಪುರದಾಗ ಕರಿಬೇವಿನ ಗಂಟು ಹೊತ್ತು ಹತ್ತತಾಳಲ್ಲ,
ಆಕಿ ಹೆಸರ ಇಟ್ಟೆ ಇಕೀಗೂ: ಹಜರತ್‌ಬಿ.

ದೀಪಾವಳಿ ಮುಂದ ಅಪ್‌ಡೇಟ್ ಬಂತು.
ತಗದು ನೋಡಿದರ ಸುಡುಸುಡು ಮಧ್ಯಾಹ್ನ.
ಒಣಾ ರಸ್ತೆ. ಸ್ಟಾಪಿನಾಗ ಒಂದು ಹುಳಾ ಇಲ್ಲ.
ಚಂದ್ರಾಮನ ಚಿತ್ರದ ಮ್ಯಾಲ ಸಣ್ಣದೊಂದು ಕೀಲಿ,
ಮೋಡದ ಮ್ಯಾಲ ಕೀಲಿ,
ಹಜರತ್‌ಬಿ ನಿಲ್ಲೂ ಜಾಗಾದ ಮ್ಯಾಲ ಕೀಲಿ.
ಕೆಳಗ ಬರದಿತ್ತು: ಗೋಲ್ಡ್ ಪಾಸ್,
ತಿಂಗಳಿಗೆ ನೂರಾ ತೊಂಬತ್ತೊಂಬತ್ತು.

ಪಾಸು!
ನನಗ ಪಾಸಿನ ಮಾತು ಹೇಳ್ತೈತಿ ಇದು.
ಸಾಲಿ ಹುಡುಗರ ಪಾಸು,
ಹೆಬ್ಬಟ್ಟು ಇಟ್ಟು ತಾರೀಖು ಮುಚ್ಚಿ ತೋರಸೂ ಪಾಸು,
ಹೋದ ವರ್ಷ ಸತ್ತ ಅಣ್ಣನ ಪಾಸು, ಎಲ್ಲಾ ನೋಡೇನಿ.
ರಾತ್ರಿಗೆ ಪಾಸು, ಇದೊಂದು ಕಂಡಿದ್ದಿಲ್ಲ.

ನನ್ನ ಕೆಲಸಾನೂ ತಿರುವುಮುರುವು ಆಗೇತಿ, ಖರೇ.
ರೊಕ್ಕ ಇಸಗೊಂಡು ಕುಂದರಸತಿದ್ದ ಸೀಟಿಗೆ
ಈಗ ಹೆಣ್ಮಕ್ಕಳಿಗೆ ಸೊನ್ನಿ ಟಿಕೀಟು ಹರೀತೇನಿ.
ಬಿಟ್ಟಿ ಅಂದ್ರೂ ಚೀಟಿ ಬೇಕು,
ಹರದು ಕೊಡೂದು ಮರತರ ಮೆಮೊ ನನಗ.
ಸೊನ್ನಿಗೂ ಯಾರೋ ಎಲ್ಲೋ ಕಟ್ಟತಿರತಾರ,
ಅಷ್ಟು ಲೆಕ್ಕ ನನಗ ತಿಳೀತೈತಿ.
ಹಂಗಾದರ ಎರಡು ವರ್ಷ ನಾ ಓಡಿಸಿದ ರಾತ್ರಿಗೆ
ಯಾರು ಕಟ್ಟಿದ್ರು?
ಈಗ ಯಾಕ ಬಿಟ್ರು?

ಎರಡು ದಿನ ಮುನಿಸಿಕೊಂಡೆ. ಮೂರನೇ ದಿನ ಕಟ್ಟಿದೆ.
ಒಂದ ತಿಂಗಳು, ಅಂದೆ. ಮನ್ಯಾಗ ಹೇಳಲಿಲ್ಲ.
ಬ್ಯಾಡಗಿ ಮೆಣಸಿನಕಾಯಿ ಅರ್ಧ ಕೇಜಿ ಕಡಿಮಿ ತಂದೆ,
ಸಾರು ಯಾಕೋ ಸಪ್ಪಗ ಅಂದ್ರು, ಸುಮ್ಮನಿದ್ದೆ.

ಕೀಲಿ ಬಿಚ್ಚಿತು. ಕತ್ತಲಿ ಬಂತು.
ಅದ ಕತ್ತಲಿ, ಅದ ವೈಪರು,
ಹಸರ ಸೀರೀ ಮುದುಕಿ ಕೈ ಮಾಡಿದ್ಲು.
ಖುಷಿ ಆತು, ಸುಳ್ಳು ಯಾಕ ಹೇಳ್ಲಿ.
ಆದರ ಆಕಿ ಹತ್ತೂದರಾಗ ನಾ
ಎಷ್ಟನೇ ತಾರೀಖು ಅಂತ ಎಣಸಾಕ ಹತ್ತಿದ್ದೆ.

ಮೂವತ್ತನೇ ದಿನ. ರೂಮಿನಾಗ ಎಲ್ಲಾರೂ ಮಲಗಿದ್ರು,
ಫ್ಯಾನೂ ಗೊರಕಿ ಹೊಡೀತಿತ್ತು.
ನನ್ನ ಬಸ್ಸಿನಾಗ ಹದಿನೇಳು ಮಂದಿ, ಸಣ್ಣ ಮಳಿ,
ಡ್ಯಾಶ್‌ಬೋರ್ಡಿನ ಗಡಿಯಾರದಾಗ ಹನ್ನೆರಡು.
ತಿರುವಿನಾಗ ಒಮ್ಮಿಂದೊಮ್ಮೆ ಬೆಳಕು ಹೊಡೀತು.
ಬೆಳಗಾಗಲಿಲ್ಲ, ನೆಟ್ಟಗ ಮಧ್ಯಾಹ್ನ ಆತು.
ಮಳಿ ಗಕ್ಕನ ನಿಂತಿತು.
ಕನ್ನಡಿಯೊಳಗ ಹದಿನೇಳೂ ಸೀಟು ಖಾಲಿ.
ಗಡಿಯಾರ ಮಾತ್ರ ಹಂಗ ಇತ್ತು, ಅದ ಹನ್ನೆರಡು.

ಅವರನ್ನ ಎಲ್ಲಿ ಇಳಿಸಿದೆ ನಾ?
ಚಿಲ್ಲರ ಇಲ್ಲದವರನ್ನೂ ನಡುದಾರಿಯಾಗ ಇಳಿಸಿದಾಕಿ ಅಲ್ಲ.
ಬ್ರೇಕ್ ಹಾಕಿದೆ. ಹಿಂದಕ್ಕ ನಡದು ಹೋಗಿ ನೋಡಾಕ
ಆ ಆಟದಾಗ ಬಟನ್ ಇಲ್ಲ.

ಮುಂಜಾನೆ ಐದರ ಹುಬ್ಬಳ್ಳಿ ಗಾಡಿ.
ಬಂಕಾಪುರದಾಗ ಗಂಟು ಮೊದಲು ಹತ್ತಿತು,
ಅದರ ಹಿಂದ ಹಜರತ್‌ಬಿ.
ಸೊನ್ನಿ ಟಿಕೀಟು ಎರಡು ಮಡಿಕಿ ಮಾಡಿ
ಬಳಿಯೊಳಗ ಸಿಗಿಸಿಕೊಂಡು ಅಂದ್ಲು:
"ಇನ್ನೂ ಎಷ್ಟು ಕತ್ತಲಿ ಐತಿ ನೋಡಬೇ."

ಕಿಡಕಿಗೆ ಬಗ್ಗಿ ನೋಡಿದೆ.
ಐತಿ.
ತಡಸದ ಮಟಾ ಇತ್ತು.