ಎಡಗಾಲಿನ ಅಳತೆ

ಭೋಸರಿಯ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ
ಕ್ರ್ಯಾಂಕ್‌ಶಾಫ್ಟುಗಳ ಮೈ ಸವರಿದವಳು ನಾನು.
ಕೂದಲಿನ ಹತ್ತರಲ್ಲೊಂದು ಪಾಲು ತಪ್ಪಿದರೂ
ಕೆಂಪು ಬಣ್ಣ ಬಳಿದು ಪಕ್ಕಕ್ಕೆ ತಳ್ಳಿದವಳು.
ಅಂಥವಳು ಈ ಭಾನುವಾರ
ಕೊಂಢವಾದ ಹಳೇ ಗಾಡಿಗಳ ಅಂಗಳದಲ್ಲಿ
ಎರಡು ಕಾರುಗಳ ನಡುವೆ ಸಿಕ್ಕಿಕೊಂಡಿದ್ದೇನೆ.
ಸೀರೆ ಅಂಗಡಿಯಲ್ಲೂ ಹೀಗೆ ನಿಂತವಳಲ್ಲ.

ಹೆಸರು ಒಂದೇ. ಮೂತಿಯ ಮೇಲಿನ ಲಾಂಛನ ಒಂದೇ.
ಎರಡೇ ಸೀಟು, ಮಡಚುವ ಮಾಡು,
ಬೆನ್ನ ಹಿಂದೆ ಎಂಜಿನ್ನು.
ನಡುವೆ ಎಂಟು ವರ್ಷ, ಒಂದು ತಲೆಮಾರು.
ಹಳೆಯದು ಬೂದು.
ಹೊಸದು, ಅಂದರೆ ಹಳೆಯವುಗಳಲ್ಲಿ ಹೊಸದು,
ಹಣ್ಣು ಮೆಣಸಿನಕಾಯಿ ಕೆಂಪು.

ದಲಾಲ ಹರ್ಷಲ ಗುಜರ ಕೆಂಪಿನ ಪಕ್ಕ ನಿಂತು
ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡೆಂದು ಹೇಳುತ್ತಾನೆ.
ನಮ್ಮ ನಾಶಿಕ ಫಾಟಾದಲ್ಲಿ
ಸೊನ್ನೆಯಿಂದ ಹತ್ತಕ್ಕೇ ಅರ್ಧ ತಾಸು, ತಮ್ಮಾ, ಅಂದೆ.

ಚೀಲದಿಂದ ಮೀಟರು ತೆಗೆದೆ,
ಬಣ್ಣದ ದಪ್ಪ ಅಳೆಯುವ, ಅಂಗೈಯಗಲದ್ದು.
ಕೆಂಪಿನ ಮೈ: ನೂರಾ ಹದಿನೆಂಟು, ನೂರಾ ಇಪ್ಪತ್ತು, ನೂರಾ ಹದಿನೇಳು.
ಎಲ್ಲೂ ಸುಳ್ಳಿಲ್ಲ.
ಬೂದು ಕಾರಿನ ಬಲಬಾಗಿಲು: ಮುನ್ನೂರಾ ಹತ್ತು.
ಎಂದೋ ಏನೋ ಬಡಿದಿದೆ. ಯಾರೋ ಲಪ್ಪ ಮೆತ್ತಿ
ಉಜ್ಜಿ ಉಜ್ಜಿ ಮತ್ತೆ ಮೆರುಗು ತಂದಿದ್ದಾರೆ.
ಪಕ್ಕಕ್ಕೆ ತಳ್ಳಬೇಕಾದ ಮಾಲು.
ಕೈ ಯಾಕೋ ಅಲ್ಲೇ ನಿಂತಿತು.

ಬೋಪದೇವ ಘಾಟಿಗೆ ಹಚ್ಚಿ ಎರಡನ್ನೂ ಓಡಿಸಿ ನೋಡಿದೆ.
ಬೂದು ಕಾರಿನ ಸ್ಟಿಯರಿಂಗಿನೊಳಗೆ ಎಣ್ಣೆ ಹರಿಯುತ್ತದೆ.
ರಸ್ತೆಯ ಹರಳು, ತೇಪೆ, ಯಾರೋ ಚೆಲ್ಲಿದ ಮರಳು
ಒಂದೊಂದೂ ಬೆರಳಿಗೆ ಬಂದು ತನ್ನ ಹೆಸರು ಹೇಳುತ್ತದೆ.
ಕ್ಲಚ್ಚು ಮಾತ್ರ ಬೀಸುವ ಕಲ್ಲು.
ಮೂರನೇ ತಿರುವಿಗೆ ಎಡ ಮೊಣಕಾಲು ಚುಳ್ ಅಂದಿತು,
ಹೋದ ವರ್ಷ ಕಾರ್ಖಾನೆಯ ಮೆಟ್ಟಿಲಲ್ಲಿ ಜಾರಿ
ಹೊಲಿಸಿಕೊಂಡ ಮೊಣಕಾಲು.
ಅದಕ್ಕೂ ಮೀಟರು ಹಿಡಿದರೆ ಮುನ್ನೂರಾ ಹತ್ತೇ ಬಂದೀತು.

ಕೆಂಪಿನಲ್ಲಿ ಎರಡೇ ಪೆಡಲು. ಗೇರು ತಾನೇ ಬೀಳುತ್ತದೆ,
ನಾನು ಬಯಸುವ ಅರೆಗಳಿಗೆ ಮೊದಲೇ.
ಕೇಳುವ ಮುಂಚೆಯೇ ಚಹಾ ತಂದಿಡುವ ಮನೆಯ ಹಾಗೆ:
ಸುಖ. ಒಲೆ ಎಲ್ಲಿದೆಯೋ ಗೊತ್ತಾಗುವುದಿಲ್ಲ.
ಘಾಟಿನ ತುದಿಯಲ್ಲಿ ಇಳಿದಾಗ
ಮೊಣಕಾಲು ಇರುವುದೇ ಮರೆತುಹೋಗಿತ್ತು.

ಜೊತೆಗೆ ಬಂದ ಮುಷ್ತಾಕ ಶಿಕಲಗಾರ
(ಸೊಲ್ಲಾಪುರದವ, ಬೈಯಲು ಮರಾಠಿ, ಲೆಕ್ಕಕ್ಕೆ ಕನ್ನಡ)
ಎರಡರ ಕೆಳಗೂ ಹೊಕ್ಕು ಬಂದು ಕೈ ಒರೆಸಿಕೊಂಡ:
‘ಹಳೇದಕ್ಕ ಆರಾಮಿಲ್ಲಂದ್ರ ಹೊಗಿ ಬಿಡ್ತದ, ಗೊಗ್ಗರ ದನೀಲೆ ಒದರ್ತದ.
ಹೊಸಾದು ಬಾಯಿ ಬಿಡಂಗಿಲ್ರಿ. ಲ್ಯಾಪ್‌ಟಾಪ್ ಹಚ್ಚಿ ಕೇಳಬೇಕು.
ನೀವು ಯಾವ ನಮೂನಿ ಮಂದಿ ಕೂಡ ಬಾಳೇವು ಮಾಡಾವ್ರು, ನೋಡ್ರಿ.’

ಇಂದುಮತಿ ಬಿರಾದಾರ, ಐವತ್ತೊಂದು ವರ್ಷ,
ಯಾರ ಕೂಡವೂ ಬಾಳೇವು ಮಾಡದವಳು,
ನಕ್ಕು ಸುಮ್ಮನಾದೆ.

ರಾತ್ರಿ ಹಾಳೆಯ ಮೇಲೆ ಎರಡು ಸಾಲು.
ವಿಮೆ, ಟೈರು, ಬಿಡಿಭಾಗ ಬರಲು ಕಾಯುವ ತಿಂಗಳು.
ಕೂಡಿದಾಗಲೆಲ್ಲ ಕೆಂಪೇ ಗೆದ್ದಿತು.
ತಪ್ಪಿರಬೇಕೆಂದು ಮತ್ತೆ ಕೂಡಿದೆ.
ಒಮ್ಮೆ ಬೇಕೆಂದೇ ತಪ್ಪಾಗಿ ಕೂಡಿದೆ.

ಕೆಂಪು ಮನೆಗೆ ಬಂತು.
ಬೂದು ಕೊಲ್ಹಾಪುರದ ಕಡೆ ಹೋಯಿತಂತೆ,
ಯಾರೋ ಪೈಲವಾನನ ಮಗನಿಗೆ.
ಅವನ ಮೊಣಕಾಲು ಗಟ್ಟಿಯಿರಲಿ.

ಎರಡು ಮಳೆಗಾಲ ಕಳೆದು, ಸರ್ವಿಸಿಗೆ ಬಿಟ್ಟ ದಿನ
ಮುಷ್ತಾಕ ಕಾಲಡಿಯ ರಬ್ಬರ್ ಹಾಸು ಝಾಡಿಸಿ
ಬೆಳಕಿಗೆ ಹಿಡಿದ:
‘ಬಾಯಾರ, ಈ ಗಾಡ್ಯಾಗ ಎಡಗಾಲಿಗೆ ಕೆಲಸಾನ ಇಲ್ಲ.
ಇಲ್ಲಿ ಯಾಕ ಸವದದ?’

ನೋಡಿದೆ. ಹಿಮ್ಮಡಿಯೂರಿ ಮುಂಗಾಲು ಒತ್ತುವ ಕಡೆ
ವೀಳ್ಯದೆಲೆಯಗಲದ ತಗ್ಗು.
ಚೀಲದಿಂದ ವರ್ನಿಯರ್ ತೆಗೆದು ಅಳೆದೆ:
ಒಂದು ಮಿಲಿಮೀಟರು, ಮೇಲೆ ನಾಲ್ಕು ಗೆರೆ.

‘ಬ್ಯಾರೇದು ಹಾಕ್ಲ್ಯಾ?’ ಅಂದ.
‘ಬ್ಯಾಡ,’ ಅಂದೆ. ‘ಅದ ಇರ್ಲಿ.’