ಸಾಂತ್ ಎಲೋಯ್‌ಗೆ ಸುತ್ತಿಗೆ

ಸೆರಾಫಿನಾ ಬಾಯಿ ಕರ್ಚೀಫಿನ ಗಂಟು ಬಿಚ್ಚಿದರು:
ತೀರಿಹೋದ ಗಂಡನ ಉಂಗುರ, ಒಂಟಿ ಓಲೆ,
ಕೊಂಡಿ ಕಳಚಿದ ಗೇಣುದ್ದ ಸರ.
"ಆಚಾರ್ರೇ, ಇದರಲ್ಲೊಂದು ಸುತ್ತಿಗೆ ಆಗಬೇಕು,
ಹೆಬ್ಬೆರಳಿನಷ್ಟು ಸಾಕು. ಬಿಷಪರ ಕೈಗೆ."

ಬಿಷಪರಿಗೆ ಸುತ್ತಿಗೆ ಎಂತಕ್ಕೆ?

ಫೋಟೊ ತೋರಿಸಿದರು. ಬಜಾಲಿನ ಒಳದಾರಿಯ ಚಾಪೆಲು,
ಗಾಜಿನ ಗೂಡಿನಲ್ಲಿ ಗೆದ್ದಲು ಮುಟ್ಟಿದ ಮರದ ಸಾಂತ್ ಎಲೋಯ್.
ತಲೆಗೆ ಚೂಪು ಟೊಪ್ಪಿ, ಎಡಗೈಗೆ ದಂಡ,
ಬಲಗೈ ಖಾಲಿ.
ಆದರೆ ಬೆರಳು ಮಡಚಿದ ರೀತಿ ನನಗೆ ಗೊತ್ತಾಯಿತು.
ಸಾಯುವಾಗ ಅಪ್ಪನದೂ ಹಾಗೆಯೇ ಮಡಚಿತ್ತು,
ಬಿಡಿಸಲು ಆಗಲಿಲ್ಲ.

ಅಕ್ಕಸಾಲಿಯಂತೆ, ಬಿಷಪನಾಗುವ ಮೊದಲು.
ಒಂದು ಸಿಂಹಾಸನಕ್ಕೆ ಅರಸ ತೂಗಿ ಕೊಟ್ಟ ಚಿನ್ನದಲ್ಲಿ
ಎರಡು ಮಾಡಿ ತಂದಿಟ್ಟನಂತೆ.
"ತಾಮ್ರ ಎಷ್ಟು ಬೆರೆಸಿದ್ದಂತೆ?" ಎಂದೆ.
ಬಾಯಿ ನಕ್ಕರು. ಲಾರಿಯಡಿ ಮಲಗಿ ನಟ್ಟು ಬಿಗಿಯುತ್ತ
ಅವರ ಗಂಡನೂ ಇದನ್ನೇ ಕೇಳುತ್ತಿದ್ದನಂತೆ ವರ್ಷಾ ವರ್ಷಾ,
ಹಬ್ಬದ ದಿನ ಮಾತ್ರ ಗ್ಯಾರೇಜಿಗೆ ಬೀಗ.

ಮತ್ತೆ ಹೇಳಿದರು, ಮೆಲ್ಲಗೆ:
ಹಡಗಿಂದಿಳಿಸಿ ಮಾರುವ ಮನುಷ್ಯರನ್ನು
ಚಿನ್ನ ಕೊಟ್ಟು ಕೊಂಡು, ಹೋಗಿ ಎಂದು ಬಿಡುತ್ತಿದ್ದ.
ಚಿನ್ನ ತೀರಿದ ದಿನ ಸೊಂಟದ ಪಟ್ಟಿ ಬಿಚ್ಚಿ ಕೊಟ್ಟು
ಹಗ್ಗ ಕಟ್ಟಿಕೊಂಡು ಮನೆಗೆ ನಡೆದ.
ನಾನು ಬಂದರಿನ ಕಡೆ ನೋಡಿದೆ.
ಕಾಣುವುದಿಲ್ಲ ರಥಬೀದಿಯಿಂದ, ಆದರೂ.

ರಾತ್ರಿ ಮೂಸೆಯಲ್ಲಿ ಉಂಗುರ, ಓಲೆ, ಸರ
ತಮ್ಮ ತಮ್ಮ ಹೆಸರು ಮರೆತವು.
ಊದುಗೊಳವೆ ಕಚ್ಚಿಕೊಂಡು ಲೆಕ್ಕ ಹಾಕಿದೆ:
ಸುತ್ತಿಗೆಗೆ ಇಷ್ಟು, ತೇಮಾನಕ್ಕೆ ಇಷ್ಟು.
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತಾರಲ್ಲ,
ನನ್ನ ಅಕ್ಕ ಕಟಪಾಡಿಯಲ್ಲಿದ್ದಾಳೆ, ಅವಳೂ ಅಂತಾಳೆ.
ಉಗುರಿನ ಸಂದಿಗೆ ಉಗುರೇ ಸಾಕ್ಷಿ.
ಎರಡು ಗುಲಗಂಜಿ ಉಳಿಯಿತು. ಉಳಿಸಿದೆ.

ಬಾಯಿ ತೂಗಲಿಲ್ಲ.
ಅಂಗೈಯಲ್ಲಿಟ್ಟುಕೊಂಡು "ಬಿಸಿಯುಂಟಲ್ಲ ಇನ್ನೂ" ಎಂದರು,
ಕಣ್ಣಿಗೊತ್ತಿಕೊಂಡರು, ಬಸ್ಸು ಹಿಡಿಯಲು ಓಡಿದರು.

ಡಿಸೆಂಬರ್ ಒಂದಕ್ಕೆ ನಾನೂ ಹೋಗಿದ್ದೆ.
ಚಪ್ಪಲಿ ರಾಶಿಯ ಹತ್ತಿರ ನಿಂತು ನೋಡಿದೆ:
ಸ್ಪಾನರು ಹಿಡಿದ ಹುಡುಗರು, ಹೂ ಮುಡಿಸಿದ ಬೈಕುಗಳು,
ಮೇಣದ ಬೆಳಕಿಗೆ ಹೊಳೆವ ನನ್ನ ಕೆಲಸ,
ಆ ಮಡಚಿದ ಬೆರಳಿಗೆ ಅಳತೆ ಹಾಕಿ ಕೂತಂತೆ.
ಎತ್ತಿದ ಸುತ್ತಿಗೆ. ಹೊಡೆಯುವುದೋ, ಇಳಿಸುವುದೋ
ಗೊತ್ತಾಗುವುದಿಲ್ಲ.

ಉಳಿದದ್ದರಲ್ಲಿ ಒಂದು ಮೊಳೆ ಮಾಡಿದ್ದೇನೆ,
ಲಾಳದ ಮೊಳೆ, ಅಕ್ಕಿಕಾಳಿನಷ್ಟು.
ಒಂದರ ಚಿನ್ನದಲ್ಲಿ ಎರಡು!
ಕೊಡಬೇಕು. ಡ್ರಾಯರಿನಲ್ಲಿದೆ.
ಪ್ರತಿ ಸಲ ಎಳೆದಾಗ ಉರುಳಿ
ಹಿಂದಿನ ಮೂಲೆಗೆ ಹೋಗುತ್ತದೆ.