ಕಡೆಯ ಲಘು

ಜಮಖಂಡಿ ಹೈಸ್ಕೂಲಿನ ಆರನೇ ಕೋಣೆ, ಏಪ್ರಿಲ್.
ಫ್ಯಾನು ತಿರುಗುತ್ತದೆ, ಗಾಳಿ ತಿರುಗುವುದಿಲ್ಲ.
ಒಬ್ಬೊಬ್ಬರ ಮುಂದೆ ಇಪ್ಪತ್ತು ಉತ್ತರಪತ್ರಿಕೆ,
ಒಂದು ಕೆಂಪು ಪೆನ್ನು, ಸ್ಟೀಲ್ ಲೋಟದಲ್ಲಿ ಮಜ್ಜಿಗೆ.
ಮಕ್ಕಳಿಗೆ ಇಲ್ಲಿ ಹೆಸರಿಲ್ಲ. ಬರೀ ನಂಬರು.

ಪ್ರಶ್ನೆ ಮೂವತ್ತೊಂದು:
ಪ್ರಸ್ತಾರ ಹಾಕಿ, ಗಣ ವಿಭಾಗಿಸಿ, ಛಂದಸ್ಸು ಹೆಸರಿಸಿ.

    ಕೊಳದ ದಡದಲಿ ನಿಂತ ಗಿಡವದು ನೆರಳ ಕರೆದಿತ್ತು

ಮೂರು ನಾಲ್ಕು, ಮೂರು ನಾಲ್ಕು, ಮೂರು ನಾಲ್ಕು,
ಆಮೇಲೊಂದು ಗುರು.
ಆ ‘ತ್ತು’ ನಿಜಕ್ಕೂ ಲಘುವೇ.
ಸಾಲಿನ ತುದಿಯಲ್ಲಿ ನಿಂತಿದೆಯೆಂಬ ಒಂದೇ ಕಾರಣಕ್ಕೆ
ಬಡ್ತಿ ಕೊಟ್ಟು ಗುರು ಮಾಡುತ್ತೇವೆ.
ಹತ್ತೊಂಬತ್ತು ವರ್ಷ ನಾನೂ ಮಾಡಿಸಿದ್ದೇನೆ,
ಯಾಕೆಂದು ಕೇಳಿದವರಿಗೆ ‘ನಿಯಮ’ ಎಂದು ಕೂರಿಸಿದ್ದೇನೆ.

ಈ ಹುಡುಗ (ಹುಡುಗಿಯೂ ಇರಬಹುದು, ಅಕ್ಷರ ಗುಂಡಗಿದೆ)
ಆರೂ ಗೀಟು ಸರಿಯಾಗಿ ಎಳೆದು,
ಕಡೆಯ ಅಕ್ಷರದ ತಲೆಯ ಮೇಲೆ
ಬಟ್ಟಲಿನಂಥ ಲಘುವನ್ನೇ ಇಟ್ಟು
ಮಾರ್ಜಿನ್ನಿನಲ್ಲಿ ಪೆನ್ಸಿಲಿನಿಂದ ಬರೆದಿದೆ:
‘ಇದು ಸಣ್ಣದ ಇರಲಿ ಸರ. ಉದ್ದ ಮಾಡಿದರ
ನೆರಳು ಬಂದಂಗ ಆಗತೈತಿ.
ಬಂದಿಲ್ಲ.’

ನಾನು ಸರ ಅಲ್ಲ. ಆದರೂ ನನಗೇ ಹೇಳಿದ್ದು.
ತುಟಿ ಅಲುಗಿಸದೆ ಸಾಲನ್ನು ಮತ್ತೆ ಓದಿದೆ.
ಕಿಟಕಿಯಾಚೆ ಹೊತ್ತು ನೆತ್ತಿಗೇರಿ
ಬೇವಿನ ನೆರಳು ಬುಡದಲ್ಲೇ ಮುದುಡಿತ್ತು.

ಮುಂದಿನದು ಅಲಂಕಾರ: ‘ಅವಳ ಮುಖ ತಾವರೆಯಂತೆ ಅರಳಿತು.’
ಉಪಮೇಯ ಮುಖ. ಉಪಮಾನ ತಾವರೆ. ವಾಚಕ ಅಂತೆ.
ಸಾಧಾರಣ ಧರ್ಮ: ‘ಅರಳೂದು ಅಂತಾರ. ತಾವರಿ ನಾ ನೋಡಿಲ್ಲ.
ಹಂಚಿನ ಮ್ಯಾಲ ರೊಟ್ಟಿ ಉಬ್ಬೂದು ನೋಡೀನಿ.’

‘ಏನ್ ಅಕ್ಕಾರ, ಒಂದ ಪೇಪರಿಗೆ ಅರ್ಧ ತಾಸ?’
ತವನಪ್ಪ ಮಾಸ್ತರು ಬಗ್ಗಿ ನೋಡಿದರು.
‘ಕೀ ಆನ್ಸರದಾಗ ಗುರು ಐತ್ರಿ. ಇಲ್ಲಿ ಲಘು.
ಒಂದು ಕಟ್ ಮಾಡಿ ಏಳ್ರಿ, ಚಾ ಬಂತು.’

ಎರಡು ಬರೆದೆ. ಹೊಡೆದೆ. ಮೂರು ಬರೆದೆ.
ತಿದ್ದಿದ ಅಂಕದ ಪಕ್ಕ ಸಹಿ ಬೇಕು, ಸಹಿ ಮಾಡಿದೆ.
ರೊಟ್ಟಿಗೆ ಮಾತ್ರ ಕೊಡಲಿಲ್ಲ.
ಯಾಕೋ, ಅಷ್ಟು ಧೈರ್ಯ ಒಂದೇ ದಿನಕ್ಕೆ ಬರಲಿಲ್ಲ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಊರೂರುಗಳ ಹೆಸರು ಕೂಗುತ್ತಿದ್ದರು.
ರಬಕವಿ: ನಾಲ್ಕೂ ಲಘು, ಲಾಳಿ ಓಡಿದ ಸದ್ದು.
ತೇರದಾಳ: ಗುರು ಲಘು ಗುರು ಲಘು,
ಕಬ್ಬಿನ ಗಾಡಿಗೆ ಕಟ್ಟಿದ ಕುಂಟೆತ್ತಿನ ಹೆಜ್ಜೆ.
ನಮ್ಮ ಮುಧೋಳ ಜಗಣ;
ಕಂದಪದ್ಯ ಬೆಸ ಸಂಖ್ಯೆಯ ಜಾಗದಲ್ಲಿ ಕಾಲಿಡಗೊಡದ ಗಣ,
ಏಳನೇ ಪ್ಲಾಟ್‌ಫಾರ್ಮಿನಲ್ಲಿ ಹೊಗೆ ಬಿಡುತ್ತ ನಿಂತಿದೆ.

‘ಮುಧೋಳ್! ಮುಧೋಳ್! ಮುಧೋಳ್!’
ಕಂಡಕ್ಟರ್ ಪ್ರತಿ ಸಲವೂ ಕಡೆಯ ಲಘುವನ್ನು ನುಂಗುತ್ತಾನೆ.
ಒಂದು ಕಾಲು ಮೆಟ್ಟಿಲ ಮೇಲಿಟ್ಟು
ಆ ‘ಳ’ಕ್ಕಾಗಿ ಕಾದೆ.

‘ಹತ್ರಿ ಅಕ್ಕಾರ.
ಹಿಂದ ಯಾರರೆ ಬರೂವ್ರು ಅದಾರ?’

ಬಂದಿಲ್ಲ, ಅಂದೆ.